ಪೂರ್ತಿ ಲೆಕ್ಕ ಬರೆದು ತಾ

ಮಂಡ್ಯ

ಪುಟ್ಟ,

ನೀನು ಕೇಳಿದ ಎರಡು ಲಕ್ಷವನ್ನು ನಾನು ಕಳಿಸುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಾಗದದ ಕೊನೆಯವರೆಗೂ ನೀನು ಆ ಒಂದು ಮಾತನ್ನೇ ಹುಡುಕುತ್ತಾ ಓದುತ್ತೀಯ. ನನ್ನ ಹತ್ತಿರ ದುಡ್ಡಿದೆ. ನಿವೃತ್ತಿಯಾದಾಗ ಬಂದದ್ದು ಠೇವಣಿಯಲ್ಲಿದೆ, ನಿನಗಿಂತ ದೊಡ್ಡ ಖರ್ಚು ಅದಕ್ಕೆ ಬೇರೆ ಇಲ್ಲ. ಆದರೆ ಫೋನಿನಲ್ಲೇ ನಿನ್ನ ಖಾತೆಗೆ ಹಾಕಿ, "ಇನ್ನು ಮೇಲೆ ಹುಷಾರಾಗಿರು" ಅಂದು ಸುಮ್ಮನಾದರೆ ನಾನೇ ನಿನಗೆ ಕೇಡು ಮಾಡಿದ ಹಾಗೆ. ಯಾಕೆ ಅಂತ ಹೇಳುತ್ತೇನೆ, ಕೋಪ ಮಾಡಿಕೊಳ್ಳದೆ ಓದು.

ಮೊದಲು ನೀನು ಬಾಜಿಯ ಸಾಲ ಒಟ್ಟು ಎರಡು ಲಕ್ಷ ಅಂದೆ. ಕ್ರೆಡಿಟ್ ಕಾರ್ಡಿನದೂ ಸೇರಿದೆಯಾ ಎಂದು ಕೇಳಿದಾಗ ಮೂರು ಆಯಿತು. ಆಮೇಲೆ ಆಫೀಸಿನವರ ಜೊತೆ ಹಾಕಿದ್ದ ಚೀಟಿ ಎತ್ತಿದ ವಿಷಯ ಬಂತು, ಲೋನ್ ಆ್ಯಪಿನ ವಿಷಯ ಬಂತು, ಫೋನ್ ಇಡುವ ಹೊತ್ತಿಗೆ ನಾಲ್ಕೂವರೆ. ಇನ್ನೂ ಏನೋ ಉಳಿದಿದೆ ಎಂದು ನಿನ್ನ ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವಳು. ಜೂಜಿನಲ್ಲಿ ಕಳೆದುಕೊಂಡು ಬಂದವರು ನನ್ನ ಮೇಜಿನ ಮುಂದೆ ಕೂತು ಮೊದಲ ಸಲವೇ ಪೂರ್ತಿ ಲೆಕ್ಕ ಹೇಳಿದ್ದನ್ನು ನಾನು ಕಂಡಿಲ್ಲ. ನಾಚಿಕೆಗೆ ಒಂದಿಷ್ಟನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಅದೊಂದನ್ನು ತಾನೇ ಹೇಗಾದರೂ ತೀರಿಸಿಬಿಡುತ್ತೇನೆ ಅಂದುಕೊಳ್ಳುತ್ತಾರೆ. ಸಂಬಳದಲ್ಲಿ ಅದು ತೀರುವುದಿಲ್ಲ, ಬಾಯಿ ಬಿಟ್ಟು ಕೇಳುವ ಹಾಗೂ ಇಲ್ಲ. ಆಗ ಕಣ್ಣಿಗೆ ಕಾಣುವ ದಾರಿ ಇನ್ನೊಂದೇ ಒಂದು ಆಟ. ಬಚ್ಚಿಟ್ಟ ಐವತ್ತು ಸಾವಿರವೇ ಮನುಷ್ಯನನ್ನು ವಾಪಸ್ ಎಳೆದುಕೊಂಡು ಹೋಗುತ್ತದೆ.

ಪಾಂಡವರ ಜೂಜು ಅಂದರೆ ನಾವೆಲ್ಲ ಮೊದಲ ಆಟವನ್ನೇ ನೆನೆಸಿಕೊಳ್ಳುತ್ತೇವೆ. ನನ್ನನ್ನು ಕಾಡುವುದು ಎರಡನೆಯದು. ಧರ್ಮರಾಯ ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಸೋತ ಮೇಲೆ ಧೃತರಾಷ್ಟ್ರ ಹೆದರಿ ಅವಳಿಗೆ ವರ ಕೊಡುತ್ತಾನೆ, ಸೋತದ್ದೆಲ್ಲವನ್ನೂ ಹಿಂದಿರುಗಿಸುತ್ತಾನೆ. ಒಂದು ಕಾಸೂ ಬಾಕಿ ಇಲ್ಲದೆ ಸಾಲ ಮನ್ನಾ. ಅವರು ಇಂದ್ರಪ್ರಸ್ಥದ ದಾರಿಯಲ್ಲಿರುವಾಗಲೇ ಮತ್ತೆ ಕರೆ ಬರುತ್ತದೆ, ಧರ್ಮರಾಯ ಮತ್ತೆ ಬಂದು ಕೂರುತ್ತಾನೆ. ಆ ಒಂದು ಆಟಕ್ಕೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಧರ್ಮಸೂಕ್ಷ್ಮ ಬಲ್ಲವನೇ ಅವನು, ಹೆಂಡತಿಗಾದ ಅವಮಾನವನ್ನು ಆಗತಾನೇ ಕಣ್ಣಾರೆ ಕಂಡವನು. ಸಾಲ ತೀರಿತು, ಆಟದ ಸೆಳೆತ ಹಾಗೇ ಉಳಿಯಿತು. ಮನೆಯವರು ಒಡವೆ ಮಾರಿ, ಸೈಟು ಮಾರಿ ಸಾಲ ತೀರಿಸಿದ ಮೇಲೂ ವರ್ಷ ತುಂಬುವುದರೊಳಗೆ ಮತ್ತೆ ಅದೇ ಮೊತ್ತದ ಸಾಲ ಹೊತ್ತು ಬಂದವರನ್ನು ನಾನು ಬ್ಯಾಂಕಿನಲ್ಲಿ ನೋಡಿದ್ದೇನೆ. ಹಾಗಾಗಿ ನಿನಗೆ ಬೇಕಾದದ್ದನ್ನು ಕೊಡುತ್ತೇನೆ, ಆದರೆ ಬೇರೆ ಕ್ರಮದಲ್ಲಿ. ಅದನ್ನು ಮುಂದೆ ಬರೆದಿದ್ದೇನೆ.

ಅದಕ್ಕಿಂತ ಮುಂಚೆ ಒಂದು ಮಾತು. ಫೋನ್ ಇಡುವಾಗ ನೀನು "ಎಲ್ಲಾ ಬಿಟ್ಟು ಹೋಗಿಬಿಡೋಣ ಅನ್ನಿಸುತ್ತೆ ದೊಡ್ಡಮ್ಮ" ಅಂದೆ. ಎಲ್ಲಿಗೆ ಎಂದು ನಾನು ಕೇಳಿದೆ, ನೀನು ಮಾತು ತಿರುಗಿಸಿದೆ. ಆ ರಾತ್ರಿ ನಿನ್ನ ರೂಮಿನ ಹುಡುಗನಿಗೆ ಫೋನ್ ಮಾಡಿ, ಇವನೊಬ್ಬನನ್ನೇ ಬಿಡಬೇಡಪ್ಪಾ ಅಂದವಳು ನಾನೇ. ಅವನ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಸತ್ತುಹೋಗೋಣ ಎಂಬ ಯೋಚನೆ ಬಂದರೆ ಅದನ್ನು ಬಾಯಿಬಿಟ್ಟು ಹೇಳು. ಮಧ್ಯರಾತ್ರಿಯಾದರೂ ನನಗೆ ಫೋನ್ ಮಾಡು. ನನಗೆ ಹೇಳಲು ಆಗದಿದ್ದರೆ 14416ಕ್ಕೆ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಲ್ಕೂವರೆ ಅಲ್ಲ, ನಲವತ್ತೈದು ಲಕ್ಷವಾದರೂ ಅದು ನಿನ್ನ ತೂಕಕ್ಕೆ ಸಮವಲ್ಲ. ಬ್ಯಾಂಕಿನಲ್ಲಿ ವಸೂಲಾಗದ ಸಾಲಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ದಿನ ಅವೆಲ್ಲ ಕಡತದಲ್ಲಿ ಮುಚ್ಚಿಹೋಗುತ್ತವೆ. ಮಗನನ್ನು ಕಳೆದುಕೊಂಡ ತಾಯಿಯನ್ನೂ ನೋಡಿದ್ದೇನೆ ಪುಟ್ಟ, ಆ ಲೆಕ್ಕ ಮುಚ್ಚುವುದಿಲ್ಲ.

ಈಗ ಆಟದ ವಿಷಯ. ನನಗೆ ಕ್ರಿಕೆಟ್ ತಿಳಿಯುತ್ತದೆ ದೊಡ್ಡಮ್ಮ, ಸುಮ್ಮನೆ ಹಾಕುವವನಲ್ಲ ನಾನು ಎಂದೆಯಲ್ಲ, ಅದನ್ನು ನಂಬುತ್ತೇನೆ. ಪಿಚ್ಚು, ಬೌಲರು, ಸಂಜೆಯ ಇಬ್ಬನಿ ಎಲ್ಲ ನಿನಗೆ ಗೊತ್ತು. ಆದರೆ ದರ ಕಟ್ಟುವವನಿಗೆ ಲೆಕ್ಕ ಗೊತ್ತು. ಟಾಸಿಗೆ ಯಾವ ಕಡೆ ಹಾಕಿದರೂ ನೂರಕ್ಕೆ ತೊಂಬತ್ತು ಲಾಭ ಕೊಡುತ್ತಾರೆ ಎಂದು ನೀನೇ ಹೇಳಿದೆ. ಕಾಗದದ ಮೇಲೆ ಬರೆದು ನೋಡು. ಒಬ್ಬ ಒಂದು ಕಡೆಗೆ ನೂರು ಹಾಕಿದ, ಇನ್ನೊಬ್ಬ ಇನ್ನೊಂದು ಕಡೆಗೆ ನೂರು. ದರ ಕಟ್ಟುವವರ ಕೈಗೆ ಬಂದದ್ದು ಇನ್ನೂರು, ಗೆದ್ದವನಿಗೆ ಕೊಟ್ಟದ್ದು ನೂರ ತೊಂಬತ್ತು. ಯಾರು ಗೆದ್ದರೂ ಹತ್ತು ರೂಪಾಯಿ ಅವರದ್ದು, ಅಂದರೆ ನೂರಕ್ಕೆ ಐದು. ಐಪಿಎಲ್ಲಿನ 74 ಪಂದ್ಯಗಳಿಗೂ ಪಂದ್ಯಕ್ಕೆ ಹತ್ತು ಬಾಜಿ, ಒಂದೊಂದಕ್ಕೆ ಸಾವಿರದಂತೆ ಹಾಕುತ್ತಾ ಹೋದೆ ಅಂದುಕೋ. ನಿನ್ನ ಕೈಯಿಂದ ಓಡಾಡಿದ್ದು 7,40,000. ಅದೃಷ್ಟ ಕೆಟ್ಟದ್ದೂ ಅಲ್ಲದೆ ಒಳ್ಳೆಯದೂ ಅಲ್ಲದೆ ಸಮವಾಗಿದ್ದರೂ ಸರಾಸರಿ 37,000 ಹೋಗಿರುತ್ತದೆ. ಇದು ನಾಣ್ಯ ಚಿಮ್ಮುವ ಟಾಸಿನ ಲೆಕ್ಕ. ಸೆಷನ್ನು, ಫ್ಯಾನ್ಸಿ ಎಂದು ಓವರಿಗೊಂದು ಬಾಜಿ ಕಟ್ಟಿಸುವುದು ಯಾಕೆ ಅಂದರೆ, ಎಷ್ಟು ಹೆಚ್ಚು ಸಲ ಕಟ್ಟುತ್ತೀಯೋ ಅಷ್ಟು ಸಲ ಆ ಐದು ರೂಪಾಯಿ ಅವರಿಗೆ ಸೇರುತ್ತದೆ.

ಸೋತಾಗ ದುಪ್ಪಟ್ಟು ಹಾಕಿದರೆ ಒಂದು ಸಲ ಗೆದ್ದರೂ ಸಾಕು, ಎಲ್ಲ ವಾಪಸ್ ಬರುತ್ತದೆ ಎಂಬ ಉಪಾಯವನ್ನು ನಿನಗೆ ಯಾರೋ ಹೇಳಿಕೊಟ್ಟಿದ್ದಾರೆ. ಅದು ಬಹಳ ಹಳೆಯ ಉಪಾಯ, ಬಹಳ ಮನೆ ಕೆಡಿಸಿದೆ. ನೂರರಿಂದ ಶುರುಮಾಡಿ ಸತತ ಹತ್ತು ಸಲ ಸೋತರೆ ಒಟ್ಟು ಹೋದದ್ದು 1,02,300. ಹನ್ನೊಂದನೆಯದಕ್ಕೆ 1,02,400 ಬೇಕು. ಗೆದ್ದರೂ ಉಳಿಯುವುದು ನೂರು ರೂಪಾಯಿ, ನೂರಕ್ಕೆ ತೊಂಬತ್ತು ಕೊಡುವ ನಿನ್ನ ದರದಲ್ಲಿ ಅದೂ ಇಲ್ಲ. ಸತತ ಹತ್ತು ಸಲ ಎಲ್ಲಿ ಸೋಲುತ್ತಾರೆ ಅನ್ನಬೇಡ. ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ 1913ರ ಆಗಸ್ಟ್ 18ರಂದು ರೂಲೆಟ್ ಚಕ್ರದಲ್ಲಿ ಸತತ ಇಪ್ಪತ್ತಾರು ಸಲ ಕಪ್ಪೇ ಬಿತ್ತು. ಇಷ್ಟು ಸಲ ಕಪ್ಪು ಬಿದ್ದಮೇಲೆ ಈಗ ಕೆಂಪು ಬೀಳಲೇಬೇಕು ಎಂದು ಜನ ಹೆಚ್ಚು ಹೆಚ್ಚು ಹಾಕುತ್ತಾ ಹೋಗಿ ಬರಿಗೈಯಾದರು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ. ನಿನ್ನೆ ಸೋತೆ ಎಂದು ಇವತ್ತು ಯಾವ ಆಟವೂ ನಿನಗೆ ಋಣಿಯಾಗಿರುವುದಿಲ್ಲ.

ಹೋದದ್ದನ್ನು ಅಲ್ಲೇ ಹುಡುಕಬೇಡ. ನನ್ನ ಮಾತಿನಲ್ಲಿ ಒಂದನ್ನೇ ಇಟ್ಟುಕೊಳ್ಳುತ್ತೇನೆ ಅಂದರೂ ಇದನ್ನೇ ಇಟ್ಟುಕೋ. ಆ ನಾಲ್ಕೂವರೆ ಲಕ್ಷ ಹೋಯಿತು. ದುಡಿದು ತೀರಿಸುವ ಸಾಲ ಅದು, ಆಡಿ ಗೆಲ್ಲುವ ದುಡ್ಡಲ್ಲ.

ಸರ್ಕಾರದ ಕಾನೂನಿನ ಬಗ್ಗೆಯೂ ಕೇಳಿದೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ವಾದ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಆ ಭೇದವನ್ನೇ ಬಿಟ್ಟು, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಇದೆ. ಆಡಿ ಕಳೆದುಕೊಂಡವನನ್ನು ಆ ಕಾನೂನು ಅಪರಾಧಿ ಎಂದು ನೋಡುವುದಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೇನೋ ಎಂಬ ನಿನ್ನ ಭಯ ಬಿಡು. ಆದರೆ ನೀನು ಆಡುತ್ತಿದ್ದ ರಮ್ಮಿ ಆ್ಯಪ್ ನಿಂತಿತು ಅಂದ ಕೂಡಲೇ ಟೆಲಿಗ್ರಾಮಿನಲ್ಲಿ ಯಾರಿಂದಲೋ ಬಾಜಿ ಕಟ್ಟುವ ಐಡಿ ತೆಗೆದುಕೊಂಡೆ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಗೆದ್ದ ದುಡ್ಡು ಕೊಡದಿದ್ದರೆ ಕೇಳುವುದಕ್ಕೆ ಬಾಗಿಲೇ ಇಲ್ಲ. ಬಾಗಿಲು ಮುಚ್ಚಿದ ಮೇಲೂ ಕಿಟಕಿ ಹುಡುಕಿಕೊಂಡು ಹೋದೆಯಲ್ಲ, ಅಲ್ಲೇ ನನಗೆ ಇದು ಬರೀ ಚಟದ ಮಾತಲ್ಲ, ಕಾಯಿಲೆ ಎಂದು ತಿಳಿದದ್ದು.

ಕಾಯಿಲೆ ಅಂದದ್ದಕ್ಕೆ ನೊಂದುಕೊಳ್ಳಬೇಡ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಗೀಳನ್ನು ಕುಡಿತ, ಮಾದಕ ವಸ್ತುಗಳ ವ್ಯಸನದ ಜೊತೆಗೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲೂ ಅದಕ್ಕೆ ಜಾಗವಿದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ, ಹುಟ್ಟಿದಾಗಿನಿಂದ ಇಸ್ಪೀಟು ಮುಟ್ಟದವರೂ ಜೂಜಿಗೆ ಬಿದ್ದು, ಮಾತ್ರೆ ಬದಲಿಸಿದಾಗ ಅದರಿಂದ ಹೊರಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮಿದುಳಿನಲ್ಲಿ ಆಸೆಯನ್ನು ಏರಿಸಿ ಇಳಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ಆ ಮಾತ್ರೆಗಳು ಮುಟ್ಟುತ್ತವೆ. ಗೆದ್ದಾಗಿನ ಖುಷಿಗಿಂತ ಗೆಲ್ಲಬಹುದು ಎಂದು ಕಾಯುವ ಹೊತ್ತಿನ ಕಾವು ಹೆಚ್ಚು. ಒಂದೇ ಒಂದು ರನ್ನಿನಲ್ಲಿ ತಪ್ಪಿಹೋಯಿತು ಅನ್ನುವಾಗ ಮಿದುಳು ಅದನ್ನು ಸೋಲು ಎಂದು ತೆಗೆದುಕೊಳ್ಳದೆ, ಹತ್ತಿರ ಬಂದೆ, ಇನ್ನೊಂದು ಸಲ ಅನ್ನುತ್ತದೆ. ಇದನ್ನೆಲ್ಲ ತಿಳಿದು ಆ ಆ್ಯಪುಗಳನ್ನು ಕಟ್ಟಿರುತ್ತಾರೆ. ಒಬ್ಬ ಹುಡುಗ ರಾತ್ರಿ ಹನ್ನೊಂದರ ಮೇಲೆ ಹಾಸಿಗೆಯಲ್ಲಿ ಒಬ್ಬನೇ ಮಲಗಿ ಅದರ ಜೊತೆ ಗುದ್ದಾಡಿ ಗೆಲ್ಲಬೇಕು ಎಂದು ನಾನು ಹೇಳುವುದಿಲ್ಲ.

ಬೆಂಗಳೂರಿನಲ್ಲೇ ಇದ್ದೀಯ, ನಿಮ್ಹಾನ್ಸ್ ನಿನಗೆ ಬಸ್ಸಿನ ದಾರಿ. ಅಲ್ಲಿ ವ್ಯಸನಕ್ಕೆಂದೇ ಬೇರೆ ಚಿಕಿತ್ಸಾ ಕೇಂದ್ರವಿದೆ. ಮೊಬೈಲು, ಆನ್‌ಲೈನ್ ಆಟಗಳ ಗೀಳಿಗೆ 2014ರಿಂದ ಶಟ್ ಕ್ಲಿನಿಕ್ ಎಂಬುದು ನಡೆಯುತ್ತಿದೆ. ಅಲ್ಲಿ ಬೈಯುವುದಿಲ್ಲ, ಕೂಡಿಹಾಕುವುದಿಲ್ಲ. ಯಾವಾಗ ಆಡಬೇಕು ಅನ್ನಿಸುತ್ತದೆ, ಸಂಬಳದ ದಿನವೋ, ಮ್ಯಾನೇಜರ್ ಕೂಗಾಡಿದ ದಿನವೋ, ಯಾರೂ ಇಲ್ಲದ ಭಾನುವಾರವೋ ಎಂದು ನಿನ್ನಿಂದಲೇ ಬರೆಸುತ್ತಾರೆ. ಆ ಹೊತ್ತಿಗೆ ಬೇರೆ ಏನು ಮಾಡಬಹುದು ಎಂದು ನಿನ್ನ ಜೊತೆ ಕೂತು ಯೋಚಿಸುತ್ತಾರೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದೆಯಲ್ಲ, ಅದನ್ನೂ ಹೇಳು. ಜೂಜಿನ ಜೊತೆ ಖಿನ್ನತೆ, ಕುಡಿತ ಇದ್ದರೆ ಎಲ್ಲಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಮಾತ್ರೆ ಬೇಕೋ ಬೇಡವೋ ಅದು ವೈದ್ಯರಿಗೆ ಬಿಟ್ಟದ್ದು. ಕಂಪನಿಗೆ ತಿಳಿಯುತ್ತದೇನೋ ಎಂಬ ಹೆದರಿಕೆ ಬೇಡ, ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಮಧ್ಯೆ ಒಂದು ಸಲ ಜಾರಿದರೂ ಹೋಗುವುದನ್ನು ನಿಲ್ಲಿಸಬೇಡ. ಜಾರಿದ್ದನ್ನು ಅವತ್ತೇ ನನಗೆ ಹೇಳು. ನಾನು ಬೈಯುವುದಿಲ್ಲ ಎಂದು ಮಾತು ಕೊಡುತ್ತೇನೆ.

ಬಿಟ್ಟವರು ಇದ್ದಾರಾ ಎಂದು ಕೇಳಿದೆ. ಇದ್ದಾರೆ. ನೀನು ಓದುವ ಹುಡುಗ, ದಾಸ್ತೋವ್‌ಸ್ಕಿಯ ಹೆಸರು ಕೇಳಿರುತ್ತೀಯ. ಸಾಲದ ಒತ್ತಡಕ್ಕೆ ಸಿಕ್ಕಿ 1866ರಲ್ಲಿ ಜೂಜುಕೋರನೊಬ್ಬನ ಕಾದಂಬರಿಯನ್ನು ಇಪ್ಪತ್ತಾರು ದಿನಗಳಲ್ಲಿ ಹೇಳಿ ಬರೆಸಿದ. ಜೂಜುಕೋರನ ಮನಸ್ಸನ್ನು ಅಷ್ಟು ಒಳಹೊಕ್ಕು ಕಂಡವನೇ ಬರೆದ ಮೇಲೂ ಆಡುತ್ತಲೇ ಇದ್ದ. ಅದನ್ನು ಬರೆದುಕೊಂಡ ಅನ್ನಾಳೇ ಮುಂದೆ ಅವನ ಹೆಂಡತಿಯಾದಳು, ಅವನು ಸೋತಾಗಲೆಲ್ಲ ತನ್ನ ಬಟ್ಟೆಬರೆ, ಒಡವೆ ಗಿರವಿ ಇಟ್ಟಳು. ಇದೇ ಕೊನೆ ಎಂದು ಅವನು ಎಷ್ಟೋ ಸಲ ಅವಳಿಗೆ ಬರೆದ, ಎಷ್ಟೋ ಸಲ ಮಾತು ತಪ್ಪಿದ. 1871ರಲ್ಲಿ ವೀಸ್‌ಬಾಡೆನ್ನಿನಲ್ಲಿ ಸೋತ ಮೇಲೆ ಬರೆದದ್ದು ಮಾತ್ರ ನಿಜವಾಯಿತು. ಸಾಯುವವರೆಗೂ, ಅಂದರೆ ಹತ್ತು ವರ್ಷ, ಮತ್ತೆ ಆಡಲಿಲ್ಲ. ಕರಮಜೋವ್ ಸಹೋದರರ ಕಾದಂಬರಿ ಹುಟ್ಟಿದ್ದು ಆ ವರ್ಷಗಳಲ್ಲಿ. ಅನೇಕ ಸಲ ಮಾತು ತಪ್ಪಿದವನು ಇನ್ನು ಬಿಡಲಾರ ಎಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ.

ನಿನ್ನ ರೂಮಿನ ಹುಡುಗ ನನ್ನನ್ನು ಕೇಳಿದ, ಹಾಗಾದರೆ ಯಾರೂ ಆಡಲೇಬಾರದಾ ಆಂಟಿ ಎಂದು. ಅವನಿಗೂ ಇದನ್ನು ಓದಿಸು. ನಮ್ಮ ಕಡೆ ಯುಗಾದಿಗೆ, ಹೊಸತೊಡಕಿಗೆ ಇಸ್ಪೀಟು ಹಾಕುವುದು ಇದ್ದದ್ದೇ, ನಿಮ್ಮ ತಾತನೂ ಕೂರುತ್ತಿದ್ದರು. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡದ್ದು ಮುಗಿದರೆ ಎದ್ದು ಬರುತ್ತಿದ್ದರು. ಪಕ್ಕದವರು ಕೈಗಡ ಕೊಡುತ್ತೇನೆಂದರೂ ತೆಗೆದುಕೊಳ್ಳುತ್ತಿರಲಿಲ್ಲ, ಮಾರನೆಯ ದಿನ ಗದ್ದೆಗೆ ಹೋದರೆ ಆಟದ ಮಾತೇ ಇಲ್ಲ. ರೇಸ್‌ಕೋರ್ಸಿಗೆ ಹೋಗುವವರು, ಗೋವಾಕ್ಕೆ ಹೋದಾಗ ಮಾಂಡೋವಿ ನದಿಯ ಕ್ಯಾಸಿನೋ ನೋಡಿ ಬರುವವರು, ಎಲ್ಲರೂ ಹಾಳಾಗುವುದಿಲ್ಲ. ಸಿನಿಮಾ ಟಿಕೆಟಿಗೆ ಕೊಟ್ಟ ಹಾಗೆ, ಹೋದರೆ ಹೋಯಿತು ಅನ್ನುವಷ್ಟೇ ದುಡ್ಡು. ಹೋಗುವ ಮುಂಚೆಯೇ ನಿಗದಿ ಮಾಡಿದ ಹೊತ್ತು. ಸಾಲದ ದುಡ್ಡು ಬೇಡ, ಕುಡಿದಾಗ ಬೇಡ, ಮನಸ್ಸು ಕೆಟ್ಟಾಗ ಬೇಡ. ಇದಿಷ್ಟನ್ನು ಪಾಲಿಸುವವನಿಗೆ ಅದು ಆಟವಾಗಿಯೇ ಉಳಿಯಬಹುದು. ಆಡಿದ್ದನ್ನು ಮನೆಯವರಿಂದ ಮುಚ್ಚಿಡಬೇಕು ಅನ್ನಿಸಿದ ದಿನ, ನಿನ್ನೆ ಹೋದದ್ದಕ್ಕೆ ಇವತ್ತು ಆಡಿದ ದಿನ ಆ ಹುಡುಗನೂ 14416ಕ್ಕೆ ಫೋನ್ ಮಾಡಲಿ. ನಿನಗೆ ಮಾತ್ರ, ಪುಟ್ಟ, ಇನ್ನು ಮಿತಿ ಎಂಬುದಿಲ್ಲ. ಹತ್ತು ರೂಪಾಯಿಯ ಬಾಜಿಯೂ ಬೇಡ, ಯುಗಾದಿಯ ಇಸ್ಪೀಟೂ ಬೇಡ.

ದುಡ್ಡಿನ ಕ್ರಮ ಹೀಗೆ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಅದನ್ನು ತೆಗೆಸು. ಬ್ಯಾಂಕು, ಕಾರ್ಡು, ನಿಯಮದ ಪ್ರಕಾರ ನಡೆಯುವ ಲೋನ್ ಆ್ಯಪು ಎಲ್ಲ ಅದರಲ್ಲಿ ಕಾಣುತ್ತದೆ. ಕಾಣದೆ ಇರುವುದು ಅಕ್ರಮ ಆ್ಯಪಿನ ಸಾಲ, ಚೀಟಿ, ಸ್ನೇಹಿತರ ಕೈಗಡ, ಯಾರಾದರೂ ಬಡ್ಡಿಯವರ ಹತ್ತಿರ ತಂದದ್ದು. ಅದನ್ನು ನೀನೇ ಬರೆಯಬೇಕು, ಐನೂರು ರೂಪಾಯಿಯದನ್ನೂ ಬಿಡದೆ. ಪಟ್ಟಿ ಪೂರ್ತಿಯಾಗಿ, ಆಸ್ಪತ್ರೆಗೆ ಮೊದಲ ಸಲ ಹೋಗಿಬಂದ ಮೇಲೆ ಚೀಟಿಯ ಬಾಕಿಯನ್ನು ನಾನು ನೇರವಾಗಿ ಆ ಜನರ ಖಾತೆಗೇ ಕಟ್ಟುತ್ತೇನೆ. ಅದು ನಿನ್ನ ಜೊತೆ ಕೆಲಸ ಮಾಡುವ ಹುಡುಗರ ದುಡ್ಡು, ಕಾಯಿಸಬಾರದು. ಕಾರ್ಡಿನ ಬಾಕಿಯನ್ನು ಕಂತಿಗೆ ಬದಲಿಸಿಕೊಡಿ ಎಂದು ಬ್ಯಾಂಕನ್ನು ಕೇಳೋಣ, ತಿಂಗಳಿಗೆ ನೂರಕ್ಕೆ ಮೂರಕ್ಕಿಂತ ಹೆಚ್ಚು ಬಡ್ಡಿ ಬೆಳೆಯಲು ಬಿಡುವುದು ಹುಚ್ಚು. ಉಳಿದದ್ದನ್ನು ನಿನ್ನ ಸಂಬಳದಲ್ಲಿ ನೀನೇ ತೀರಿಸು, ಎರಡು ವರ್ಷವಾದರೂ ಆಗಲಿ. ಅಲ್ಲಿಯವರೆಗೆ ಸಂಬಳ ಬಂದ ದಿನವೇ ಬಾಡಿಗೆ, ಊಟ, ಬಸ್ಸಿನ ಖರ್ಚು ಬಿಟ್ಟು ಮಿಕ್ಕದ್ದು ನಿಮ್ಮಪ್ಪನ ಖಾತೆಗೆ ಹೋಗಲಿ. ಯುಪಿಐ ಮಿತಿಯನ್ನು ದಿನಕ್ಕೆ ಸಾವಿರಕ್ಕೆ ಇಳಿಸು, ಕಾರ್ಡನ್ನು ನನ್ನ ಕೈಗೆ ಕೊಡು, ಆ ಟೆಲಿಗ್ರಾಮ್ ಗುಂಪುಗಳಿಂದ ಇವತ್ತೇ ಹೊರಗೆ ಬಾ.

ಲೋನ್ ಆ್ಯಪಿನವರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಬೈಯುತ್ತಾರೆ ಅಂದೆ. ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನಿನ್ನ ಫೋನಿನಲ್ಲಿರುವ ಹೆಸರು, ಫೋಟೊಗಳನ್ನು ಮುಟ್ಟುವ ಹಕ್ಕೂ ಅವರಿಗಿಲ್ಲ. ಕರೆಗಳನ್ನು ರೆಕಾರ್ಡ್ ಮಾಡಿಡು. ಫೋಟೊ ತಿದ್ದಿ ಎಲ್ಲರಿಗೂ ಕಳಿಸುತ್ತೇವೆ ಅಂದವರ ಮೇಲೆ ಸೈಬರ್ ಪೊಲೀಸರಿಗೆ ದೂರು ಕೊಡೋಣ, ನಾನೇ ಜೊತೆಗೆ ಬರುತ್ತೇನೆ. ಕಿರುಕುಳ ಕೊಟ್ಟು ಸಾಲ ವಸೂಲು ಮಾಡುವವರ ವಿರುದ್ಧ 2025ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿದೆ. ಅವರಿಗೆ ಹೆದರಿ ಇನ್ನೊಂದು ಆ್ಯಪಿನಲ್ಲಿ ಸಾಲ ಎತ್ತಿ ಕಟ್ಟಬೇಡ.

ನಿಮ್ಮಪ್ಪ ಅಮ್ಮನಿಗೆ ನಾನು ಏನೂ ಹೇಳಿಲ್ಲ. ನೀನೇ ಹೇಳಬೇಕು. ನಿಮ್ಮಪ್ಪ ಮೊದಲು ಕೂಗಾಡುತ್ತಾರೆ, ಆಮೇಲೆ ಎದ್ದು ಹೊರಗೆ ಹೋಗುತ್ತಾರೆ, ಅದು ಅವರ ಸ್ವಭಾವ. ನಿಮ್ಮಮ್ಮ ಅಳುತ್ತಾಳೆ. ನನ್ನ ತಂಗಿ ಅವಳು, ಅವಳನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಮಾತು ಮುಗಿಸುವವರೆಗೂ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಅಳು, ಕೂಗಾಟ ಒಂದು ದಿನದ್ದು. ನೀನು ಒಬ್ಬನೇ ಹೊತ್ತುಕೊಂಡು ತಿರುಗಿದ್ದು ಅದಕ್ಕಿಂತ ಭಾರವಾದದ್ದು.

ಶನಿವಾರ ಬೆಳಗಿನ ರೈಲಿಗೆ ಬಾ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಕಾರ್ಡಿನ ಬಿಲ್ಲು, ಸಿಬಿಲ್ ವರದಿ, ಚೀಟಿಯ ಪುಸ್ತಕ ಎಲ್ಲ ತಾ. ಪಟ್ಟಿಯನ್ನು ಬಿಳಿ ಹಾಳೆಯಲ್ಲಿ ನಿನ್ನ ಕೈಯಲ್ಲೇ ಬರೆದು ತಾ, ನಾಲ್ಕೂವರೆಯ ಮೇಲೆ ಎಷ್ಟಿದ್ದರೂ ಸರಿ. ಭಾನುವಾರ ಅಪ್ಪ ಅಮ್ಮನ ಹತ್ತಿರ ಹೋಗೋಣ. ಸೋಮವಾರ ಬೆಳಗ್ಗೆ ನಿನ್ನ ಜೊತೆ ನಾನೂ ಬೆಂಗಳೂರಿಗೆ ಬರುತ್ತೇನೆ. ನಿಮ್ಹಾನ್ಸಿನಲ್ಲಿ ಹೆಸರು ಬರೆಸಲು ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಆಧಾರ್ ಕಾರ್ಡ್ ಮರೆಯಬೇಡ. ಆಫೀಸಿಗೆ ಅವತ್ತೊಂದು ದಿನ ರಜೆ ಹೇಳಿಬಿಡು.

ಇತಿ,
ನಿನ್ನ ದೊಡ್ಡಮ್ಮ